ಅಡುಗೆ ಮಾಡುವವರಿಗೂ ಒಂದು ಕುರ್ಚಿ ಹಾಕಿ

ನಮ್ಮ ತೀರ್ಥಹಳ್ಳಿ ಕಡೆ ಯಾರಿಗಾದರೂ ಶುಗರ್ ಏರಿತು ಅಂದರೆ ಸಾಕು, ನೆಂಟರಿಷ್ಟರ ಬಾಯಲ್ಲಿ ಒಂದೇ ಮಾತು: 'ಅವ್ರು ಬಾಯಿ ಕಟ್ಟೋದಿಲ್ಲ, ಅದಕ್ಕೇ.' ಕೇಳಿ ಕೇಳಿ ನನಗೆ ಸಿಟ್ಟು ಬಂದಿದೆ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅಷ್ಟೂ ಜನ ನಾಲಿಗೆ ಚಪಲದವರಾ?

ಡಾಕ್ಟರನ್ನು ನಾವು ನೋಡುವುದು ಮೂರು ತಿಂಗಳಿಗೊಮ್ಮೆ, ಐದೋ ಹತ್ತೋ ನಿಮಿಷ. ಅವರನ್ನು ದೂರುತ್ತಿಲ್ಲ, ಹೊರಗೆ ಕಾಯುವವರ ಸಾಲು ಹಾಗಿರುತ್ತದೆ. ಉಳಿದ ದಿನಗಳನ್ನೆಲ್ಲ ನೋಡಿಕೊಳ್ಳುವವರು ಬೇರೆಯವರು. ನರ್ಸ್, ಡಯಟೀಶಿಯನ್, ಮೆಡಿಕಲ್ ಶಾಪಿನವರು, ಆಶಾ ಕಾರ್ಯಕರ್ತೆ, ಮತ್ತೆ ಮನೆಯಲ್ಲಿ ಒಲೆ ಮುಂದೆ ನಿಂತವರು.

ನಮ್ಮ ಮಾವನಿಗೆ ಇನ್ಸುಲಿನ್ ಶುರುವಾಗಿ ವರ್ಷಗಳಾದವು. ಒಂದು ಹಂತದಲ್ಲಿ ಎಷ್ಟು ಯೂನಿಟ್ ಏರಿಸಿದರೂ ಶುಗರ್ ಇಳಿಯುತ್ತಿರಲಿಲ್ಲ. ಇನ್ನೊಂದು ದಿನ ಕಾರಣವೇ ಇಲ್ಲದೆ ಬೆವರಿ, ಕೈ ನಡುಗಿ ಕೂತುಬಿಡುತ್ತಿದ್ದರು. ಎಲ್ಲರೂ ಊಟದ ಮೇಲೇ ಗುಮಾನಿ ಪಟ್ಟರು. ಕಂಡುಹಿಡಿದದ್ದು ಒಬ್ಬ ನರ್ಸ್. 'ಅಜ್ಜಾ, ಅಂಗಿ ಸ್ವಲ್ಪ ಮೇಲೆ ಮಾಡಿ' ಅಂದರು. ಹೊಕ್ಕುಳಿನ ಎಡಕ್ಕೆ ಬೆರಳಿಟ್ಟು ಒತ್ತಿದರು, ಆಮೇಲೆ ನನ್ನ ಬೆರಳನ್ನೂ ಹಿಡಿದು ಅಲ್ಲೇ ಒತ್ತಿಸಿದರು. ಚರ್ಮದ ಅಡಿಯಲ್ಲಿ ನಿಂಬೆಹಣ್ಣಿನಷ್ಟು ದಪ್ಪಕ್ಕೆ ಗಂಟು. ಅಲ್ಲಿ ನೋವಾಗುವುದಿಲ್ಲ ಅಂತ ಮಾವ ದಿನಾ ಅದೇ ಜಾಗಕ್ಕೆ ಚುಚ್ಚಿಕೊಳ್ಳುತ್ತಿದ್ದರು. ಗಂಟಿಗೆ ಹೋದ ಇನ್ಸುಲಿನನ್ನು ಮೈ ಒಂದು ದಿನ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಇನ್ನೊಂದು ದಿನ ಒಮ್ಮೆಲೇ ಹೀರಿಕೊಳ್ಳುತ್ತದೆ. ಇನ್ನು ಮೇಲೆ ಜಾಗ ಬದಲಿಸುತ್ತಾ ಹೋಗಬೇಕು, ಹೊಟ್ಟೆ, ತೊಡೆ, ಹೊಟ್ಟೆಯಲ್ಲೂ ಬಲ, ಎಡ ಅಂದರು ನರ್ಸ್. ಆದರೆ ಒಳ್ಳೆ ಜಾಗಕ್ಕೆ ಹಳೇ ಲೆಕ್ಕದಲ್ಲೇ ಚುಚ್ಚಿದರೆ ಶುಗರ್ ತೀರಾ ಇಳಿದುಬಿಡಬಹುದು. ಹಾಗಾಗಿ ಆ ನರ್ಸೇ ಡಾಕ್ಟರ ಹತ್ತಿರ ಹೋಗಿ ಯೂನಿಟ್ ಕಮ್ಮಿ ಮಾಡಿಸಿ ಬಂದರು. ಶುಗರ್ 70ಕ್ಕಿಂತ ಕೆಳಗೆ ಹೋದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ ಅಂತ ನನಗೆ ಬರೆದುಕೊಟ್ಟರು. ಮಾವನಿಗಲ್ಲ, ನನಗೆ. ಕೈ ನಡುಗುವವರು ಚೀಟಿ ಓದುತ್ತಾ ಕೂರುತ್ತಾರಾ?

ಇನ್ನು ಊಟ. ಮೊದಲು ಒಂದು ಕಡೆ ಅಚ್ಚು ಹಾಕಿದ ಪಟ್ಟಿ ಕೊಟ್ಟಿದ್ದರು. ಓಟ್ಸ್, ಬ್ರೌನ್ ಬ್ರೆಡ್, ಆಲಿವ್ ಎಣ್ಣೆ. ನಮ್ಮ ಊರಿನ ಅಂಗಡಿಯಲ್ಲಿ ಆಲಿವ್ ಎಣ್ಣೆ ಕೇಳಿದರೆ ಬೇನೆಗೆ ಹಚ್ಚೋದಾ ಅಂತಾರೆ. ಆಮೇಲೆ ಶಿವಮೊಗ್ಗದಲ್ಲಿ ಸಿಕ್ಕ ಡಯಟೀಶಿಯನ್ ಮಾವನನ್ನು ಬಿಟ್ಟು ನನ್ನ ಕಡೆ ತಿರುಗಿ 'ನೀವು ಏನೇನು ಬಡಿಸ್ತೀರಿ?' ಅಂತ ಕೇಳಿದರು. ಕಡುಬು, ಅಕ್ಕಿರೊಟ್ಟಿ, ಅನ್ನ, ಮತ್ತೆ ಅನ್ನ. ಅವರು ಯಾವುದನ್ನೂ ಕಿತ್ತುಹಾಕಲಿಲ್ಲ. ನಾಲ್ಕು ಕಡುಬಿನ ಬದಲು ಎರಡು, ಜೊತೆಗೆ ಮೊಳಕೆ ಹೆಸರುಕಾಳು. ಪಲ್ಯ ಮೊದಲು, ಅನ್ನ ಆಮೇಲೆ, ಅದೂ ಸೌಟಿನ ಲೆಕ್ಕದಲ್ಲಿ. ಹುರುಳಿ ಸಾರು, ಒಂದೆಲಗದ ತಂಬುಳಿ ಧಾರಾಳ. ಹಲಸಿನ ಹಣ್ಣು ಬಿಡಿಸಿದ ದಿನ ಎರಡು ತೊಳೆ ತಿನ್ನಲಿ, ಆ ಹೊತ್ತಿನ ಅನ್ನ ಕಮ್ಮಿ ಮಾಡಿ ಅಂದರು. ಮಾವನ ಮುಖ ಅರಳಿತು. ಮುಂದಿನ ಸಲ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯ ಅಂಕಿ, ಇಳಿದಿತ್ತು. ಗಂಟು ಬಿಟ್ಟದ್ದಕ್ಕೋ ಸೌಟು ಹಿಡಿದದ್ದಕ್ಕೋ, ಎರಡಕ್ಕೂ ಇರಬೇಕು.

ಕಾಲಿನ ಉಸ್ತುವಾರಿ ಆಶಾ ಅಕ್ಕನದು. ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟ ಸುತ್ತುವುದು ಇಲ್ಲಿ ಎಲ್ಲರ ಅಭ್ಯಾಸ. ಶುಗರಿನಿಂದ ಸ್ಪರ್ಶ ಕಮ್ಮಿಯಾದ ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಚಳಿ ಅಂತ ಬಚ್ಚಲೊಲೆ ಮುಂದೆ ಕಾಲು ಚಾಚಿ ಕೂತರೆ ಬೊಬ್ಬೆ ಬರುವವರೆಗೂ ತಿಳಿಯುವುದಿಲ್ಲ. ಸಂಜೆ ಬ್ಯಾಟರಿ ಬೆಳಕು ಬಿಟ್ಟು ಪಾದ ನೋಡಿ, ಬೆರಳ ಸಂದು ಒರೆಸಿ ಅಂತ ಅವರು ಬಂದಾಗಲೆಲ್ಲ ಹೇಳುತ್ತಾರೆ.

ಇಷ್ಟೆಲ್ಲ ಮಾವನಿಗೆ. ಅತ್ತೆಗೂ ಶುಗರ್ ಇದೆ ಅನ್ನುವುದು ಎಷ್ಟು ಜನಕ್ಕೆ ಗೊತ್ತು? 30 ದಾಟಿದವರಿಗೆ ಬಿಪಿ, ಶುಗರ್ ನೋಡುತ್ತಾರೆ ಅಂತ ಆಶಾ ಅಕ್ಕ ಎಳೆದುಕೊಂಡು ಹೋದದ್ದಕ್ಕೆ ಸಿಕ್ಕಿಬಿತ್ತು. ಗಂಡಸಿಗೆ ಬಂದರೆ ಮನೆಯ ಅಡುಗೆಯೇ ಬದಲಾಗುತ್ತದೆ. ಹೆಂಗಸಿಗೆ ಬಂದರೆ ಅವಳೇ ಅಡುಗೆ ಮಾಡಿ, ಎಲ್ಲರಿಗೂ ಬಡಿಸಿ, ಮೂರು ಗಂಟೆಗೆ ಕೂತು, ಪಲ್ಯ ಖಾಲಿಯಾಗಿದೆ, ಅನ್ನ ಮಿಕ್ಕಿದೆ, ಬಿಸಾಡುವುದೇಕೆ ಅಂತ ಅದನ್ನೇ ಉಣ್ಣುತ್ತಾಳೆ. ಈಗ ನಮ್ಮಲ್ಲಿ ಅತ್ತೆಯ ತಟ್ಟೆಗೆ ಪಲ್ಯ ಮೊದಲೇ ತೆಗೆದಿಡುತ್ತೇವೆ. ಅದಕ್ಕೂ ಅವರದು ಗೊಣಗಾಟ, ಇರಲಿ.

ಕಣ್ಣಿಗೆ ಡ್ರಾಪ್ಸ್ ಹಾಕಿ ಒಳಗಿನ ಪರದೆ ನೋಡುವ ಪರೀಕ್ಷೆ ವರ್ಷಕ್ಕೊಮ್ಮೆ ಬೇಕು. ಮಾವನಿಗೆ ತಪ್ಪದೆ ಆಗುತ್ತದೆ. ಅತ್ತೆಗೆ ಇನ್ನೂ ಒಂದು ಸಲವೂ ಆಗಿಲ್ಲ. 'ಕೊಯ್ಲು ಮುಗೀಲಿ ಮಾರಾಯ್ತಿ' ಅನ್ನುತ್ತಾರೆ. ಅಡಿಕೆ ಕೊಯ್ಲು ಮುಗಿದರೆ ಸುಲಿಯುವುದು, ಸುಲಿದರೆ ಬೇಯಿಸುವುದು, ಒಣಗಿಸುವುದು. ಅದು ಮುಗಿಯುವ ಕೆಲಸವಾ? ಬರುವ ಬುಧವಾರಕ್ಕೆ ಶಿವಮೊಗ್ಗಕ್ಕೆ ಕಾರು ಹೇಳಿ ಆಗಿದೆ. ನಾನೂ ಅತ್ತೆಯೂ ಹೊರಟೆವು. ಮಾವ ಅವತ್ತು ಸಾರು ಬಿಸಿ ಮಾಡಿಕೊಂಡು ತಾವೇ ಬಡಿಸಿಕೊಳ್ಳಲಿ. ಸೌಟು ಎಲ್ಲಿದೆ ಅಂತ ತೋರಿಸಿಯೇ ಹೋಗುತ್ತೇನೆ.