ಬ್ಯಾಟರಿ ಕುಡಿದವರು ಯಾರು?

ಮಳಖೇಡದ ಹತ್ತಿರ, ಕಾಗಿಣಾ ದಂಡೆಯಲ್ಲಿರುವ ನನ್ನ ಸೋದರಮಾವನ ಎರೆಹೊಲದ ಮಣ್ಣು ಒಮ್ಮೆ ನೆನೆಯಿತೆಂದರೆ ಬೈಕಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ರೊಟ್ಟಿಯ ಹಿಟ್ಟಿನಂತೆ ಮೆತ್ತಿಕೊಂಡು, ಕೊನೆಗೆ ಸವಾರನೇ ಬೈಕನ್ನು ಹೊತ್ತುಕೊಂಡು ಬರುವ ಪ್ರಸಂಗ ಒದಗುತ್ತದೆ. ಇದರಿಂದ ಬೇಸತ್ತ ಮಾವ ಎರಡು ವರ್ಷಗಳ ಹಿಂದೆ, ಕೆಸರಿನಲ್ಲೂ ಓಡುವ, ದಪ್ಪ ದಪ್ಪ ನಾಲ್ಕು ಗಾಲಿಗಳ, ಎ.ಟಿ.ವಿ. ಎಂಬ ಹಳೆಯ ಗಾಡಿಯೊಂದನ್ನು ಕೊಂಡು ತಂದರು. ನಾನು ಅದರ ಹೆಸರನ್ನು ಉಚ್ಚರಿಸಿದಾಗ, "ಏ, ಟಿ.ವಿ." ಎಂದು ಗಾಡಿಯನ್ನೇ ಕೂಗಿ ಕರೆಯುತ್ತಿದ್ದೇನೆಂದು ಭಾವಿಸಿದ ಅತ್ತೆ, ಇಂದಿಗೂ ಅದನ್ನು ಬರೀ ಟಿ.ವಿ. ಎಂದೇ ಹೇಳುತ್ತಾರೆ.

ಈ ಟಿ.ವಿ.ಗೆ ಕಳೆದ ಎಳ್ಳ ಅಮಾವಾಸ್ಯೆಯ ನಂತರ ಒಂದು ವಿಚಿತ್ರ ರೋಗ ಅಂಟಿತು. ದಿನವೂ ಓಡಿಸಿದರೆ ಆರೋಗ್ಯವಾಗಿರುತ್ತಿದ್ದ ಗಾಡಿ, ಎರಡು ದಿನ ನಿಂತರೆ ಮೂರನೆಯ ಬೆಳಿಗ್ಗೆ ಸೆಲ್ಫ್ ಒತ್ತಿದಾಗ ಟಕ್ ಟಕ್ ಎಂದು ಹಲ್ಲಿಯಂತೆ ಲೊಚಗುಟ್ಟಿ ಸುಮ್ಮನಾಗುತ್ತಿತ್ತು. ಗೇರು ಬದಲಿಸುವ ಕೆಲಸವಿಲ್ಲದ, ಬೆಲ್ಟಿನ ಮೇಲೆ ಓಡುವ ಗಾಡಿಯಾದ್ದರಿಂದ ಅದು ತಳ್ಳಿದರೆ ಶುರುವಾಗುವ ಜಾತಿಯದೂ ಅಲ್ಲ. ರಸ್ತೆಯ ಮೇಲೆ ಓಡಿಸಲು ಅದಕ್ಕೆ ನಂಬರೂ ಇಲ್ಲ; ಕಲಬುರಗಿಯ ಮೆಕ್ಯಾನಿಕ್ಕಿಗೆ ತೋರಿಸಬೇಕೆಂದರೆ ಮದುವೆಯ ದಿಬ್ಬಣದಂತೆ ಟೆಂಪೋದಲ್ಲಿ ಕರೆದೊಯ್ಯಬೇಕು. ಆದ್ದರಿಂದ, ಪಿಯುಸಿ ಮಕ್ಕಳಿಗೆ ಮೂವತ್ತು ವರ್ಷ ಓಮನ ನಿಯಮ ಕಲಿಸಿ ನಿವೃತ್ತನಾದ ನನಗೇ ಮಾವ ಕರೆ ಕಳಿಸಿದರು.

ನಾನು ಬ್ಯಾಟರಿಯನ್ನು ನೋಡಿದ ಕೂಡಲೇ, "ಇದು ಸತ್ತದ್ದು" ಎಂದು ತೀರ್ಪು ಕೊಟ್ಟು, 14 ಆಂಪಿಯರ್-ಅವರ್‌ನ ಹೊಸದೊಂದನ್ನು ಕೊಡಿಸಿದೆ. ಅದೂ ಮೂರನೆಯ ದಿನ ಮಲಗಿತು. ಅಂಗಡಿಗೆ ಹೋಗಿ ವ್ಯಾಪಾರದ ಪ್ರಾಮಾಣಿಕತೆಯ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದ ಮೇಲೆ, ಆ ಪುಣ್ಯಾತ್ಮ ಪಾಠ ನಿಂತರೆ ಸಾಕೆಂದು ಇನ್ನೊಂದು ಬ್ಯಾಟರಿ ಕೊಟ್ಟ. ಅದರದೂ ಅದೇ ಗತಿಯಾಯಿತು. ಮಾವ ದೃಷ್ಟಿಯಾಗಿದೆಯೆಂದು ಹ್ಯಾಂಡಲ್ಲಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದರು. ನಾನು ನಕ್ಕೆನಾದರೂ, ತಾಮ್ರ ಮತ್ತು ಸತುವಿನ ತುಂಡುಗಳನ್ನು ಚುಚ್ಚಿದರೆ ನಿಂಬೆಹಣ್ಣು ಸುಮಾರು ಒಂದು ವೋಲ್ಟನ್ನಾದರೂ ಕೊಡುತ್ತದೆ; ಆ ಹೊತ್ತಿಗೆ ಇಡೀ ಗಾಡಿಯಲ್ಲಿ ನಂಬಬಹುದಾಗಿದ್ದ ವಸ್ತು ಅದೊಂದೇ.

ಆಮೇಲೆ ನನಗೆ ಬುದ್ಧಿ ಬಂದು ಮೀಟರು ಹಿಡಿದೆ. ಪೂರ್ತಿ ಚಾರ್ಜಾದ ಬ್ಯಾಟರಿ 12.7 ವೋಲ್ಟ್ ತೋರಿಸಿತು. ಎಂಜಿನ್ ಓಡುವಾಗ ಅದು 14.2ಕ್ಕೆ ಏರಿದ್ದರಿಂದ ಚಾರ್ಜಿಂಗ್ ಸರಿಯಿದೆಯೆಂದು ತಿಳಿಯಿತು. ನೆಗೆಟಿವ್ ವೈರು ಬಿಚ್ಚಿಟ್ಟು ಎರಡು ರಾತ್ರಿ ಬಿಟ್ಟರೂ ವೋಲ್ಟೇಜು ಇಳಿಯಲಿಲ್ಲ. ಅಂದರೆ ಬ್ಯಾಟರಿ ನಿರಪರಾಧಿ. ಚಾವಿ ತೆಗೆದ ಮೇಲೂ ಗಾಡಿಯೊಳಗೆ ಯಾರೋ ಕದ್ದು ಕುಡಿಯುತ್ತಿದ್ದಾರೆ. ಆ ಕಳ್ಳನನ್ನು ಹಿಡಿಯಲು, ಬ್ಯಾಟರಿಯ ನೆಗೆಟಿವ್ ತುದಿಗೂ ಬಿಚ್ಚಿದ ವೈರಿಗೂ ನಡುವೆ ಮೀಟರನ್ನು ಹತ್ತು ಆಂಪಿಯರ್ ತೂತಿನಲ್ಲಿಟ್ಟು ಜೋಡಿಸಿದೆ. ಅಷ್ಟರಲ್ಲಿ ಮಾವ, "ನೋಡಮು, ಚಾಲೂ ಆಗ್ತದೇನು" ಎಂದು ಸಹಾಯ ಮಾಡುವ ಉತ್ಸಾಹದಲ್ಲಿ ಚಾವಿ ತಿರುಗಿಸಿ ಸೆಲ್ಫ್ ಒತ್ತಿಬಿಟ್ಟರು. ಸ್ಟಾರ್ಟರ್ ಎಳೆಯುವ ಕರೆಂಟಿನ ಮುಂದೆ ಹತ್ತು ಆಂಪಿಯರ್ ಎಂದರೆ ಆನೆಯ ಬಾಯಿಗೆ ಜೋಳದ ಕಾಳು. ಮೀಟರಿನ ಫ್ಯೂಸು ಆ ಕ್ಷಣವೇ ಪ್ರಾಣ ಬಿಟ್ಟಿತು. ಹೊಸ ಫ್ಯೂಸಿಗಾಗಿ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಇಡೀ ಮಧ್ಯಾಹ್ನ ಅಲೆದೆ.

ಎರಡನೆಯ ಸಲ ಮಾವನನ್ನು ಗಾಡಿಯಿಂದ ನಾಲ್ಕು ಮಾರು ದೂರ, ಬೇವಿನ ಮರದ ಕೆಳಗೆ ಕೂರಿಸಿ ಪರೀಕ್ಷೆ ಆರಂಭಿಸಿದೆ. ಮೀಟರು 0.23 ಆಂಪಿಯರ್ ತೋರಿಸಿತು. ನಿಂತ ಗಾಡಿಯ ಗಡಿಯಾರ ಕೆಲವೇ ಮಿಲಿಆಂಪಿಯರ್ ಕುಡಿದರೆ ಅದು ತೀರ್ಥ. ಇದು ಕೊಡಪಾನದ ಲೆಕ್ಕ. ಬ್ಯಾಟರಿಯ ಸಾಮರ್ಥ್ಯವಾದ 14ನ್ನು 0.23ರಿಂದ ಭಾಗಿಸಿದರೆ, ಅದು ಬರಿದಾಗುವ ಹೊತ್ತು ಅರವತ್ತೊಂದು ಗಂಟೆಯ ಸಮೀಪ ಬರುತ್ತದೆ, ಅಂದರೆ ಎರಡೂವರೆ ದಿನ. ಲೆಕ್ಕ ಕೂಡಿ ಬಂದದ್ದಕ್ಕೆ ನನಗೆ ಆದ ಆನಂದವನ್ನು ಕಂಡು, ಗಾಡಿ ರಿಪೇರಿಯಾಯಿತೆಂದು ತಿಳಿದ ಅತ್ತೆ ಚಹಾ ತಂದುಕೊಟ್ಟರು.

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೋ ಆ ದಾರಿಯಲ್ಲೇ ಕಳ್ಳನಿರುತ್ತಾನೆ. ಎಲ್ಲವನ್ನೂ ಕಿತ್ತರೂ 0.23 ಅಲುಗಲಿಲ್ಲ. ಚಾರ್ಜಿಂಗನ್ನು ಹದದಲ್ಲಿಡುವ ರೆಗ್ಯುಲೇಟರಿನೊಳಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು ಕೆಟ್ಟರೆ ಕರೆಂಟು ಹಿಂದಕ್ಕೆ ಸೋರುತ್ತದೆಂದು ಅದರ ಪ್ಲಗ್ಗನ್ನೂ ಬಿಚ್ಚಿದೆ. ಅಂಕಿ ಕದಲಲಿಲ್ಲ. ಇಲಿ ವೈರು ಕಡಿದಿರಬೇಕೆಂದು ಘೋಷಿಸಿ ಸೀಟು, ಬಾಡಿ, ಎಲ್ಲ ಬಿಚ್ಚಿ ಹೊಲದ ಬದುವಿನ ಮೇಲೆ ಸಂತೆಯಂತೆ ಹರಡಿದೆ. ಕತ್ತಲಾಯಿತು, ಅದರ ಜೊತೆಗೇ ಕರೆಂಟೂ ಹೋಯಿತು.

ಆ ಕತ್ತಲೆಯಲ್ಲಿ, ಗಾಡಿಯ ಹಿಂಬದಿಯ ಡಬ್ಬಿಯ ಸಂದಿಯಿಂದ ಕೆಂಪು ಚುಕ್ಕೆಯೊಂದು ಮಿನುಗುತ್ತಿತ್ತು.

ಎಳ್ಳ ಅಮಾವಾಸ್ಯೆಯ ದಿನ, ಚರಗ ಚೆಲ್ಲಿ, ಭಜ್ಜಿ ಮತ್ತು ಸಜ್ಜಿ ರೊಟ್ಟಿ ಉಂಡ ಹುರುಪಿನಲ್ಲಿ, ಜೋಳದ ತೆನೆಗೆ ಬರುವ ಗಿಳಿಗಳನ್ನು ಹೆದರಿಸಲೆಂದು ಹಲಗೆ ಬಾರಿಸುವ ಸದ್ದು ತುಂಬಿದ ಸ್ಪೀಕರನ್ನೂ ಅದರ ಆಂಪ್ಲಿಫೈಯರನ್ನೂ ಆ ಡಬ್ಬಿಯಲ್ಲಿ ಕೂರಿಸಿದವನು ನಾನೇ. ಚಾವಿ ಇಲ್ಲದಾಗಲೂ ಸದ್ದು ಬರಲೆಂದು, ಫ್ಯೂಸಿನ ಪೆಟ್ಟಿಗೆಯನ್ನು ತಪ್ಪಿಸಿ ಅದರ ವೈರನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿ, ಕಾಣದಂತೆ ಅಂದವಾಗಿ ಕರಿ ಟೇಪು ಸುತ್ತಿದವನೂ ನಾನೇ. ಆ ವೈರು ಬಿಚ್ಚಿದೆ. ಮೀಟರು 0.00 ಎಂದಿತು.

ಮಾವ ಬೇವಿನ ಮರದ ಕೆಳಗಿನಿಂದಲೇ ಹೇಳಿದರು: "ಇರಲಿ ಬಿಡು ಅಳಿಯಾ. ಗಿಳಿ ಅಂತೂ ಒಂದೂ ಹೆದರಿಲ್ಲ."

ಮರುದಿನ ಬ್ಯಾಟರಿ ಅಂಗಡಿಯವನ ಬಾಕಿ ಲೆಕ್ಕ ತೀರಿಸಲು ಇಬ್ಬರೂ ಹೋದೆವು. "ಸರ್, ಕಡೀಕ ಏನ್ ಆಗಿತ್ತರಿ ಗಾಡಿಗಿ?" ಎಂದು ಅವನು ವಿನಯದಿಂದ ಕೇಳಿದ. ಮಾವ ನನ್ನ ಮುಖ ನೋಡಿದರು. ನಾನು ಕನ್ನಡಕ ಒರೆಸಿಕೊಂಡು, "ರೆಗ್ಯುಲೇಟರ್" ಎಂದೆ.