ಅನುಪಾತ 1.65 ದಾಟಿದ್ದೆಲ್ಲ ಮೈಲೋಮಾ ಅಲ್ಲ

ಪ್ರತಿಕಾಯಗಳ ಲೈಟ್ ಚೈನುಗಳ (ಅವುಗಳಲ್ಲಿರುವ ಚಿಕ್ಕ ಪ್ರೋಟೀನ್ ಸರಪಳಿಗಳು; ಕಾಪ್ಪಾ, ಲ್ಯಾಂಬ್ಡಾ ಎಂದು ಎರಡು ಬಗೆ) ಅನುಪಾತ 1.65 ದಾಟಿದರೆ ಮೈಲೋಮಾ, ಅಂದರೆ ಮೂಳೆಮಜ್ಜೆಯ ಒಂದು ಕ್ಯಾನ್ಸರ್, ಎಂಬಂತೆ ಬರೆದ ನಿಮ್ಮ ಲೇಖನದಲ್ಲಿ ಎರಡು ಬೇರೆ ಅನುಪಾತಗಳು ಕಲಸಿಹೋಗಿವೆ. ಮನುಷ್ಯರಲ್ಲಿ ಕಾಪ್ಪಾ, ಲ್ಯಾಂಬ್ಡಾ ಸುಮಾರು 2:1 ಎನ್ನುವುದು ಇಡೀ ಪ್ರತಿಕಾಯಗಳ ಲೆಕ್ಕ. ಚಿತ್ರದಲ್ಲಿ ಒಂದೇ ಪ್ರತಿಕಾಯಕ್ಕೆ ಒಂದು ಕಾಪ್ಪಾ, ಒಂದು ಲ್ಯಾಂಬ್ಡಾ ಬಿಡಿಸಿದ್ದೀರಿ, ಅದು ತಪ್ಪು. ಸಹಜ ಪ್ರತಿಕಾಯದ ಎರಡೂ ಲೈಟ್ ಚೈನುಗಳು ಒಂದೇ ಬಗೆಯವು.

0.26–1.65 ಎನ್ನುವ ಸಹಜ ಮಿತಿ (ಕಾಪ್ಪಾವನ್ನು ಲ್ಯಾಂಬ್ಡಾದಿಂದ ಭಾಗಿಸಿದ್ದು) ರಕ್ತದಲ್ಲಿ ಬಿಡಿಯಾಗಿ ತೇಲುವ ಚೈನುಗಳದ್ದು. ಕಾಪ್ಪಾ ಹೆಚ್ಚು ತಯಾರಾದರೂ ಇಲ್ಲಿ ಮೇಲುಗೈ ಆಗದಿರಲು ಕಾರಣ ಗಾತ್ರ. ಬಿಡಿ ಕಾಪ್ಪಾ ಬಹುಪಾಲು ಒಂಟಿ, ಸುಮಾರು 25 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ). ಲ್ಯಾಂಬ್ಡಾ ಹೆಚ್ಚಾಗಿ ಜೋಡಿ, ಸುಮಾರು 50. ಚಿಕ್ಕದು ಕಿಡ್ನಿಯ ಜರಡಿಯಲ್ಲಿ ಬೇಗ ಸೋರುತ್ತದೆ. ಕಿಡ್ನಿ ಸೋತರೆ ಈ ವ್ಯತ್ಯಾಸ ಅಳಿಸುತ್ತಾ ಬಂದು ಅನುಪಾತ ತಾನಾಗಿ ಏರುತ್ತದೆ, ಅಂಥವರಿಗೆ 0.37–3.1 ಎಂಬ ಮಿತಿ ಬಳಕೆಯಲ್ಲಿದೆ. ಹಾಗಾಗಿ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡದೆ 1.9 ಕಂಡು ಗಾಬರಿಪಡುವುದರಲ್ಲಿ ಅರ್ಥವಿಲ್ಲ. ಈ ಅನುಪಾತದ ಆಧಾರದಲ್ಲಿ ಮೈಲೋಮಾ ಎನ್ನಲು 2014ರ ಮಾನದಂಡ ಕೇಳುವುದು ಏರಿದ ಚೈನಿಗೂ ಇನ್ನೊಂದಕ್ಕೂ 100 ಅಥವಾ ಹೆಚ್ಚಿನ ಅನುಪಾತ, ಏರಿದ ಚೈನ್ ಲೀಟರಿಗೆ ಕನಿಷ್ಠ 100 ಮಿ.ಗ್ರಾಂ, ಅದೂ ಮೂಳೆಮಜ್ಜೆಯ ಪರೀಕ್ಷೆಯ ಜೊತೆಗೆ.

ಲೈಟ್ ಚೈನ್ ಪತ್ತೆಗೆ ಮೂತ್ರದ ಪಟ್ಟಿ ಪರೀಕ್ಷೆ ಸಾಕು ಎಂಬ ನಿಮ್ಮ ಸಾಲನ್ನು ದಯವಿಟ್ಟು ತೆಗೆಯಿರಿ. ಪಟ್ಟಿ ಮುಖ್ಯವಾಗಿ ಆಲ್ಬುಮಿನ್ ಎಂಬ ಬೇರೆ ಪ್ರೋಟೀನನ್ನು ಹಿಡಿಯುತ್ತದೆ, ಲೈಟ್ ಚೈನ್ ತಪ್ಪಿಸಿಕೊಳ್ಳುತ್ತದೆ. ರಕ್ತಪರೀಕ್ಷೆಯಲ್ಲೂ ಒಂದು ಬಲೆಯಿದೆ: ಚೈನ್ ವಿಪರೀತವಾಗಿದ್ದರೆ ಯಂತ್ರ ಮೋಸಹೋಗಿ ಕಡಿಮೆ ಅಂಕಿ ತೋರಿಸಬಹುದು. ಲಕ್ಷಣಕ್ಕೂ ವರದಿಗೂ ತಾಳೆಯಾಗದಿದ್ದರೆ ಮಾದರಿಯನ್ನು ಇನ್ನಷ್ಟು ತೆಳುಮಾಡಿ ಮತ್ತೆ ಅಳೆಯಲು ಲ್ಯಾಬಿಗೆ ಹೇಳಬೇಕು.