ಇಲಿ, ಸ್ಯಾಕರಿನ್, ಸಾರಾಯಿ: ಬಾಟಲಿ ನೋಡದೆ ತೀರ್ಪು ಕೊಡಬೇಡಿ

ಸಿಹಿ ತಿಂದರೆ ಕುಡಿತದ ಚಟ ಹತ್ತುತ್ತದೆ ಎನ್ನಲು ಇಲಿಗಳ ಪ್ರಯೋಗವನ್ನು ಸಾಕ್ಷಿಗೆ ಎಳೆದು ತರುವುದು ದೊಡ್ಡ ತಪ್ಪು. ಆ ಪ್ರಯೋಗಗಳ ವಿಷಯ ಹುಟ್ಟಿನಿಂದ ಬರುವ ಒಲವು. ಅಮೆರಿಕದ ಇಂಡಿಯಾನಾದಲ್ಲಿ ಆರಿಸಿ ಬೆಳೆಸಿದ ಪಿ (ಮದ್ಯ ಬಯಸುವ) ತಳಿಯ ಇಲಿಗಳು ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 5 ಗ್ರಾಂಗೂ ಹೆಚ್ಚು ಆಲ್ಕೋಹಾಲ್ ಕುಡಿಯುತ್ತವೆ. ಎನ್‌ಪಿ ತಳಿಯವು, ಅಂದರೆ ಮದ್ಯ ಬಯಸದವು, 1.5 ಗ್ರಾಂ ದಾಟುವುದಿಲ್ಲ. ಸ್ಯಾಕರಿನ್ (ಕ್ಯಾಲರಿಯಿಲ್ಲದ ಕೃತಕ ಸಿಹಿ) ಬೆರೆಸಿದ ನೀರಿಟ್ಟರೂ ಪಿ ಇಲಿಗಳದ್ದೇ ಮೇಲುಗೈ. ಆರಿಸಿದ್ದು ಮದ್ಯಕ್ಕಾಗಿ, ಸಿಹಿಯ ಆಸೆ ತಾನಾಗಿ ಹಿಂದೆಯೇ ಬಂತು.

ಸಕ್ಕರೆ ಬಿಟ್ಟು ಸ್ಯಾಕರಿನ್ ಏಕೆ? ಗ್ರಾಂಗೆ ಸಕ್ಕರೆಯಲ್ಲಿ 4, ಆಲ್ಕೋಹಾಲ್‌ನಲ್ಲಿ 7 ಕಿಲೋಕ್ಯಾಲರಿ. ಸಕ್ಕರೆ ಇಟ್ಟರೆ ಇಲಿ ಕುಡಿದದ್ದು ರುಚಿಗೋ ಹಸಿವಿಗೋ ಗೊತ್ತಾಗದು. ಸ್ಯಾಕರಿನ್ ಕೂಡ ಶೇ 0.1ರ ಆಸುಪಾಸಿನಲ್ಲಿರಲಿ, ಗಟ್ಟಿಯಾದರೆ ಕಹಿ.

ಪಂಜರದಲ್ಲಿ ಒಂದು ಬಾಟಲಿ ನೀರು, ಒಂದು ಬಾಟಲಿ ಮದ್ಯ ಇಟ್ಟು ಯಾವುದು ಎಷ್ಟು ಖಾಲಿಯಾಯಿತು ಎಂದು ನೋಡುವುದೇ ಈ ಪ್ರಯೋಗ. ಅಳತೆಯಲ್ಲೇ ಹೆಚ್ಚು ಜನ ಎಡವುವುದು. ಶೇ 95ರ ಶುದ್ಧ ಎಥನಾಲ್ (ಮದ್ಯದಲ್ಲಿರುವ ಆಲ್ಕೋಹಾಲ್) 105 ಮಿ.ಲೀ. ತೆಗೆದುಕೊಂಡು ನೀರು ಸೇರಿಸಿ 1 ಲೀಟರ್ ಮಾಡಿದರೆ ಗಾತ್ರದ ಲೆಕ್ಕದಲ್ಲಿ ಶೇ 10 ದ್ರಾವಣ. ಆದರೆ 100 ಮಿ.ಲೀ.ಯಲ್ಲಿ ಇರುವುದು 7.9 ಗ್ರಾಂ ಮಾತ್ರ. ಇದನ್ನೇ 10 ಗ್ರಾಂ ಎಂದು ಬರೆದರೆ ಕುಡಿತ ಕಾಲುಭಾಗಕ್ಕೂ ಹೆಚ್ಚು ಉಬ್ಬುತ್ತದೆ. 25 ಗ್ರಾಂ ತೂಕದ ಚಿಟ್ಟಿಲಿ ಈ ದ್ರಾವಣ 3 ಮಿ.ಲೀ. ಕುಡಿದರೆ ಕಿಲೋಗೆ ಸುಮಾರು 9.5 ಗ್ರಾಂ. ಮದ್ಯದ ಪ್ರಮಾಣವನ್ನು ಶೇ 3, 6, 10 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಬಾಟಲಿಗಳ ಜಾಗ ದಿನವೂ ಅದಲುಬದಲು ಮಾಡಿ, ಕೆಲವು ಇಲಿಗಳು ಒಂದೇ ಬದಿಗೆ ಅಂಟಿಕೊಳ್ಳುತ್ತವೆ. ಇಲಿಯಿಲ್ಲದ ಒಂದು ಪಂಜರದಲ್ಲೂ ಬಾಟಲಿ ಇಡಿ, ಸೋರಿದ್ದನ್ನೂ ಆವಿಯಾದದ್ದನ್ನೂ ಕಳೆಯಲು. ಚಿಟ್ಟಿಲಿಯ ಲೆಕ್ಕದಲ್ಲಿ ಅರ್ಧ ಮಿ.ಲೀ. ಸೋರಿಕೆ ಸಣ್ಣದಲ್ಲ! ಸಿಹಿ ಪರೀಕ್ಷೆ ಮೊದಲೇ ಮುಗಿಯಲಿ, ಮದ್ಯ ಕಂಡ ಇಲಿಯ ನಾಲಿಗೆ ಹೊಸದಲ್ಲ.

ಚಿಟ್ಟಿಲಿಗಳಲ್ಲಿ ಈ ನಂಟಿನ ಒಂದು ಎಳೆ ಟಿಎಎಸ್1ಆರ್3 ಜೀನ್, ನಾಲಿಗೆಯಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕದ ಒಂದು ಭಾಗವನ್ನು ರೂಪಿಸುವಂಥದ್ದು. ಅದನ್ನು ತೆಗೆದುಹಾಕಿದ ಚಿಟ್ಟಿಲಿಗಳು ಮದ್ಯವನ್ನೂ ಕಡಿಮೆ ಕುಡಿಯುತ್ತವೆ, ಅವುಗಳ ನಾಲಿಗೆಗೆ ಎಥನಾಲ್‌ನ ಸಿಹಿ ಅಂಶ ಮಂಕು. ಹಾಗಾದರೆ ಎಲ್ಲವೂ ನಾಲಿಗೆಯ ಆಟವೇ? ಅಲ್ಲ ಎನ್ನಲು ನನಗೆ ಚಿಟ್ಟಿಲಿಗಳ ಡಿಬಿಎ ತಳಿಯೊಂದೇ ಸಾಕು. ಸಿ57 ಎಂಬ ಇನ್ನೊಂದು ತಳಿ ಗಟಗಟ ಕುಡಿಯುವ ಶೇ 10ರ ಬಾಟಲಿಯನ್ನು ಡಿಬಿಎ ಮೂಸಿಯೂ ನೋಡದು, ಸ್ಯಾಕರಿನ್‌ನ ಹಂಬಲವೂ ಅದಕ್ಕೆ ಕಡಿಮೆ. ಆದರೆ ಬಾಯಿ ತಪ್ಪಿಸಿ ಇಂಜೆಕ್ಷನ್‌ನಲ್ಲಿ ಎಥನಾಲ್ ಕೊಟ್ಟರೆ, ಆ ಇಂಜೆಕ್ಷನ್ ಸಿಕ್ಕ ಜಾಗಕ್ಕೇ ಮರಳಿ ಹೋಗಿ ನಿಲ್ಲುವುದರಲ್ಲಿ ಡಿಬಿಎ ಸಿ57ನ್ನೂ ಮೀರಿಸುತ್ತದೆ.